ಏಣಿಯ ಲೆಕ್ಕದಲ್ಲಿ ಗಿಟಾರ್

ಮೂವತ್ತು ವರ್ಷದಿಂದ ಮೇಲಕ್ಕೆ ಕಿರಿದಾಗುತ್ತ ಹೋಗುವ ಏಣಿಗಳನ್ನೇ ಮಾಡಿದ ಆ ಬಡಗಿಯನ್ನು ಬೀದಿಯವರು ಏಣಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನ ಏಣಿಯ ಪ್ರತಿ ಮೆಟ್ಟಿಲೂ ಕೆಳಗಿನದಕ್ಕಿಂತ ಒಂದೇ ಅಳತೆಯಷ್ಟು ಗಿಡ್ಡ. ಎರಡು ಮೆಟ್ಟಿಲು ಅಳೆದರೆ ಸಾಕು, ಉಳಿದವನ್ನು ಕಣ್ಣು ಮುಚ್ಚಿ ಕೊಯ್ಯುತ್ತಿದ್ದ. ಆ ಜಂಬ ಅವನಿಗಿತ್ತು.

ಮಗಳು ಸಂಗೀತ ಶಾಲೆಗೆ ಸೇರಿದಾಗ ಹಳೆಯ ಗಿಟಾರೊಂದು ಬಿಟ್ಟಿ ಸಿಕ್ಕಿತು. ಗೆದ್ದಲು ತಿಂದ ಅದರ ಕತ್ತಿನ ಮೇಲೆ, ತಂತಿ ಒತ್ತುವ ಹಿತ್ತಾಳೆಯ ಅಡ್ಡಗೆರೆಗಳಲ್ಲಿ ಮೊದಲ ನಾಲ್ಕು ಮಾತ್ರ ಉಳಿದಿದ್ದವು. ಮೇಸ್ತ್ರಿ ತುದಿಯಿಂದ ಮೊದಲ ಮೂರು ಮನೆಗಳನ್ನು, ಅಂದರೆ ಗೆರೆಗಳ ನಡುವಿನ ಜಾಗಗಳನ್ನು, ಅಳೆದ: ಮೂವತ್ತಾರೂವರೆ ಮಿಲಿಮೀಟರ್, ಮೂವತ್ತನಾಲ್ಕೂವರೆ, ಮೂವತ್ತೆರಡೂವರೆ. ಎರಡೆರಡು ಕಳೆಯುತ್ತ ಹೋಗಿ ಗೆರೆಗಳಿರುವ ಹೊಸ ಪಟ್ಟಿ ಕೂರಿಸಿಬಿಟ್ಟ.

"ಅಪ್ಪಾ, ಮೇಲಿನ ಸ್ವರ ತಗ್ಗಿ ಬರ್ತಿದೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ಹೋಗು, ಸರಿಯಾಗಿ ಒತ್ತು."

ಹುಡುಗಿ ಮತ್ತೆ ಆ ಮಾತೆತ್ತಲಿಲ್ಲ. ಎರಡು ತಿಂಗಳಾದ ಮೇಲೆ, ಕಿವಿ ಸರಿಯಿಲ್ಲವೆಂದು ಅವಳನ್ನು ವಾದ್ಯಮೇಳದಿಂದ ಕೈಬಿಟ್ಟರು. ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳಲು ಮೇಸ್ತ್ರಿ ಸಂಗೀತದ ಟೀಚರ್ ಬಳಿ ಹೋದ. ಅವರ ಗಿಟಾರ್ ಮೇಜಿನ ಮೇಲಿತ್ತು. ಅಭ್ಯಾಸಬಲ, ಕೈ ತಾನಾಗಿ ಜೇಬಿನ ಸ್ಕೇಲಿಗೆ ಹೋಯಿತು. ಮೊದಲ ನಾಲ್ಕು ಮನೆ ತನ್ನ ಅಳತೆಯವೇ. ಹನ್ನೆರಡನೆಯದು ಹತ್ತೊಂಬತ್ತು ಮಿಲಿಮೀಟರಿಗೂ ಹೆಚ್ಚಿತ್ತು. ತಾನು ಹಾಕಿದ್ದು ಹದಿನಾಲ್ಕೂವರೆ ಎಂದ.

"ಎರಡೆರಡು ಕಳೆದಿರಾ?" ಟೀಚರ್ ಕೇಳಿದರು. "ಇಲ್ಲಿ ಹಾಗಲ್ಲ ಮೇಸ್ತ್ರಿಗಳೇ. ಪ್ರತಿ ಮನೇನೂ ಹಿಂದಿನದರ ಹದಿನೆಂಟರಲ್ಲಿ ಸುಮಾರು ಒಂದು ಪಾಲು ಕಮ್ಮಿ. ಮೂವತ್ತಾರರಲ್ಲಿ ಆ ಪಾಲು ಎರಡು, ಅದಕ್ಕೇ ಮೋಸ ಹೋಗಿದ್ದೀರಿ. ಮನೆ ಚಿಕ್ಕದಾದ ಹಾಗೆ ಪಾಲೂ ಚಿಕ್ಕದಾಗತ್ತೆ. ಮೊದಮೊದಲು ಎರಡು ಲೆಕ್ಕಾನೂ ಅವಳಿ ಮಕ್ಕಳ ಹಾಗೆ ಕಾಣ್ತವೆ." ಹೇಳುತ್ತಲೇ ಅವರ ದನಿ ಕುಗ್ಗಿತು. "ತಂತಿ ಪಕ್ಕಕ್ಕೆ ಎಳೀತೀಯ ಅಂತ ನಾನು ಅವಳನ್ನ ದಿನಾ ಬೈತಿದ್ದೆ. ಎಳೆದರೆ ಸ್ವರ ಏರತ್ತೆ. ತಗ್ಗಿದ್ದನ್ನ ಪಾಪ, ಅವಳೇ ಸರಿ ಮಾಡ್ಕೋತಿದ್ಲು."

ಮಗಳ ಬೆರಳ ತುದಿಗಳು ಸೀಳಿಹೋಗಿದ್ದನ್ನು ಮೇಸ್ತ್ರಿ ಕಂಡಿದ್ದ. ಒತ್ತಲು ಬಾರದವಳೆಂದು ಗೊಣಗಿದ್ದ. ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

"ತಂತಿ ಹಳೇದಾಗಿತ್ತು ಅಂತ ಅವಳಿಗೆ ಹೇಳ್ತೀನಿ, ಬಿಡಿ," ಎಂದರು ಟೀಚರ್.

ಅವನು ಹೂಂ ಎನ್ನುವುದರಲ್ಲಿದ್ದ. ಅಷ್ಟರಲ್ಲಿ ಮಗಳು ಗೆಳತಿಯರೊಂದಿಗೆ ಬಾಗಿಲಿಗೆ ಬಂದಳು. ಅವಳ ಬೆರಳು ಕಂಡು ಮೇಸ್ತ್ರಿ ಅವಳತ್ತ ತಿರುಗಿದ.

"ತಪ್ಪು ನಂದು ಮಗಳೇ. ಅಳತೆ ತಪ್ಪಿದ್ದೆ. ನಿನ್ನ ಕಿವಿ ಸರಿಯಾಗೇ ಇತ್ತು."

ಅವಳು ಟೀಚರ್ ಅವರ ಗಿಟಾರ್ ಎತ್ತಿಕೊಂಡು ನುಡಿಸಿದಳು. ಮೇಲಿನ ಸ್ವರ ಈಗ ವಿಪರೀತ ಏರಿತು. ಎರಡು ತಿಂಗಳ ರೂಢಿಯಲ್ಲಿ ಬೆರಳು ತಾನಾಗಿ ತಂತಿಯನ್ನು ಎಳೆಯುತ್ತಿತ್ತು. ಮತ್ತೆ ನುಡಿಸಿದಳು, ಮತ್ತೆ ಏರಿತು.

"ಈ ಸಲದ ಮೇಳಕ್ಕಾಗಲ್ಲ ಕಣೇ," ಟೀಚರ್ ಮೆಲ್ಲಗೆ ಹೇಳಿದರು. "ಬೆರಳು ಮರೀಬೇಕು."

ಮೇಸ್ತ್ರಿ ಗೋಡೆಗೊರಗಿ ನಿಂತೇ ಇದ್ದ.

"ನೀನು ಮನೆಗೆ ಹೋಗಪ್ಪ," ಎಂದಳು ಮಗಳು, ತಲೆ ಎತ್ತದೆ. "ನೀನಿಲ್ಲಿದ್ರೆ ನಂಗೆ ಕೈ ಆಡಲ್ಲ."