ಸಂತೆಗೆ ಬಾರದ ಫೋನು

ಆನವಟ್ಟಿ ಸಂತೆಯಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಗಸೊಬ್ಬರು ಸ್ಟೀಲ್ ಕುಕ್ಕರನ್ನು ತಿರುಗಿಸಿ ನೋಡಿ, ಮೆಚ್ಚಿ, ವಾಪಸ್ ಇಟ್ಟುಬಿಟ್ಟರು.

“ದುಡ್ಡಿಲ್ದಿದ್ರೆ ಸ್ಕ್ಯಾನ್ ಮಾಡ್ರಿ ಅಕ್ಕ,” ಎಂದ ಅಂಗಡಿಯವ.

ಫೋನು ಮನೆಯಲ್ಲಿದೆ ಎಂದರು. ಪಾಪ, ಮರೆತು ಬಂದಿದ್ದಾರೆ ಎಂದುಕೊಂಡು ನಾನೇ ಫೋನು ತೆಗೆದೆ. ಈಗ ನಾನು ಕೊಟ್ಟಿರುತ್ತೇನೆ, ಮನೆಗೆ ಹೋಗಿ ಕಳಿಸಿ ಎಂದೆ.

ಅವರು ನಕ್ಕರು. “ಬ್ಯಾಡ ರೀ. ಬೇಕಂತ್ಲೇ ಬಿಟ್ಟು ಬಂದೀನಿ. ಅದು ಕೈಯಾಗಿದ್ರೆ ಕಂಡಿದ್ದೆಲ್ಲ ತಗೊಳ್ತೀನಿ. ಈಗ ನಿಮ್ ಫೋನಲ್ಲಿ ತಗೊಂಡ್ರೆ, ನಂದು ಬಿಟ್ ಬಂದು ಏನ್ ಬಂತು?”

ಮುಂದಿನ ಸಂತೆಗೆ ನಾನೂ ಹಾಗೇ ಹೋದೆ. ಒಯ್ದ ದುಡ್ಡಿನಲ್ಲೇ ಸಂತೆ ಮುಗಿಯಿತು. ಮಿರ್ಚಿ ಮಂಡಕ್ಕಿ ತರಲು ಹೇಳೋಣವೆಂದು ಮನೆಯವರು ಫೋನು ಮಾಡಿದರಂತೆ. ಅದು ಅಡುಗೆಮನೆಯಲ್ಲೇ ರಿಂಗಾಯಿತಂತೆ. ಆ ಖರ್ಚೂ ಉಳಿಯಿತು.