ದವಡೆ ಹಲ್ಲಿಗೆ ಸೀಲಂಟ್, ಬಾಯಲ್ಲಿ ತೊಗರಿ ಕಾಳು

ನಾಸಿಕ್ ಊರಿನ ಡೆಂಟಿಸ್ಟ್ ಮೇಡಂ ನನಗೂ ಬಾಯಿ ತೆಗೆಯಿರಿ ಎಂದರು. ನಾನು ಹಲ್ಲು ತೋರಿಸಲು ಹೋದವನೇ ಅಲ್ಲ.

ಹೋಗಿದ್ದು ತಂಗಿ ಶಾರದಾಳ ಮಗಳಿಗಾಗಿ. ಅವಳ ದವಡೆ ಹಲ್ಲಿಗೆ ಸೀಲಂಟ್ ಹಾಕಿಸುವುದಿತ್ತು.

ಹಲ್ಲಿನ ಮೇಲಿನ ಗೆರೆಗಳಲ್ಲಿ ಊಟದ ಚೂರು ಸಿಕ್ಕಿ ಹುಳುಕಾಗದಂತೆ ಹಚ್ಚುವ ತೆಳು ಲೇಪವಂತೆ. ಮಳೆಗಾಲಕ್ಕೆ ಮೊದಲು ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುತ್ತೇವಲ್ಲ, ಹಾಗೆ.

ಹುಡುಗಿಯ ಕೆಲಸ ನೋವಿಲ್ಲದೆ ಮುಗಿಯಿತು. ನಾನು ಸುಮ್ಮನಿರದೆ, ನಲವತ್ತು ದಾಟಿದರೂ ನನಗೊಂದು ಹುಳುಕು ಹಲ್ಲಿಲ್ಲ ಎಂದು ಜಂಬ ಕೊಚ್ಚಿಕೊಂಡೆ. ಮೇಡಂ ಬಾಯಿ ತೆಗೆಸಿದ್ದು ಅದಕ್ಕೇ.

ಹುಳುಕಿಲ್ಲ ನಿಜ, ಆದರೆ ಗೆರೆಗಳು ತುಂಬಾ ಆಳ, ನೀವೂ ಸೀಲಂಟ್ ಹಾಕಿಸಿಕೊಳ್ಳಬಹುದು ಎಂದರು. ಗಟ್ಟಿ ಪದಾರ್ಥ ಏನಾದರೂ ತಿನ್ನುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು.

ಇಲ್ಲ ಎಂದೆ. ಅಡಿಕೆ ಇಲ್ಲ, ಗುಟ್ಕಾ ಇಲ್ಲ, ಐಸ್ ಅಗಿಯುವ ಚಟವೂ ಇಲ್ಲ.

"ಮಾಮಾ, ತೂ ಪಣ್ ಕರ್ ನಾ" ಎಂದಳು ತಂಗಿಯ ಮಗಳು. ನೀನೂ ಮಾಡಿಸಿಕೋ ಅಂತ. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ.

ಯೋಚಿಸಿ ಹೇಳುತ್ತೇನೆ ಎಂದು ನಾವಿರುವ ಸಂಭಾಜಿನಗರಕ್ಕೆ ವಾಪಸು ಬಂದೆ.

"ಅದು ಸಣ್ಣ ಹುಡುಗೂರಿಗಿ ಮಾಡೋದಲ್ರೀ? ಇನ್ನೊಬ್ರಿಗಿ ಕೇಳ್ರಿ" ಎಂದಳು ಹೆಂಡತಿ. ಸರಿ, ನಮ್ಮ ಏರಿಯಾದ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಕಲಬುರಗಿ ಕಡೆಯವರು, ಸ್ವಲ್ಪ ಖಡಕ್ ಮನುಷ್ಯ.

ಅವರೂ ಅದೇ ಪ್ರಶ್ನೆ ಕೇಳಿದರು, ಗಟ್ಟಿ ತಿಂತೀರೇನು ಅಂತ. ನಾನು ಅದೇ ಉತ್ತರ ಕೊಟ್ಟೆ.

"ಏನ್ ದಂಧಾ ರೀ ನಿಮ್ದು?"

"ತೊಗರಿ ಖರೀದಿ, ಸರ್. ವೈಜಾಪುರ ಮಾರ್ಕೆಟ್ ಕಡಿ ಹೋಗ್ತಿರ್ತೀನಿ."

"ಹಂಗಾರ ಕಾಳು ಕಚ್ಚಿ ನೋಡ್ತೀರಿ."

"ನೋಡ್ತೀನ್ರಿ. ಆದ್ರ ತಿನ್ನಂಗಿಲ್ಲ, ಉಗುಳ್ತೀನಿ."

ಡಾಕ್ಟರು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

ನಾನು ಸುಳ್ಳು ಹೇಳಿರಲಿಲ್ಲ... ನಮ್ಮಲ್ಲಿ ಅದು ತಿನ್ನುವ ಲೆಕ್ಕಕ್ಕೆ ಬರುವುದೇ ಇಲ್ಲ. ಕಟ್ ಎಂದು ಒಡೆದರೆ ಕಾಳು ಒಣಗಿದೆ, ಮೆತ್ತಗೆ ಒತ್ತಿದರೆ ಇನ್ನೂ ಹಸಿ. ಹೆಗಲ ಚೀಲದಲ್ಲಿ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇದ್ದರೂ ಕೈ ಮೊದಲು ಹೋಗುವುದು ಬಾಯಿಗೇ.

ಬಲಗಡೆಯ ದವಡೆ ಹಲ್ಲಿನಲ್ಲಿ ಕೂದಲೆಳೆಯಂಥ ಬಿರುಕು ಇದೆ ಎಂದು ತೋರಿಸಿದರು. ಸೀಲಂಟ್ ಹುಳುಕು ತಡೆಯುತ್ತದೆ, ದೊಡ್ಡವರಿಗೂ ಉಪಯೋಗ ಇಲ್ಲವೆಂದಲ್ಲ. ಆದರೆ ಬಿರುಕನ್ನು ಅದು ತಡೆಯುವುದಿಲ್ಲ, ಕಾಳು ಕಚ್ಚುತ್ತಿದ್ದರೆ ಲೇಪವೂ ಚಕ್ಕೆ ಏಳುತ್ತದಂತೆ.

"ಹಲ್ಲು ರೀ ಅದು, ಗಿರಣಿ ಅಲ್ಲ" ಎಂದರು.

ಈಗ ಹಾಕಿಸಲೋ ಬೇಡವೋ? ಒಬ್ಬರು ಹಾಕಿಸಿ ಎಂದರು, ಇನ್ನೊಬ್ಬರು ಬೇಡ ಎನ್ನಲಿಲ್ಲ, ಹಾಕಿಸಿ ಎಂದೂ ಹೇಳಲಿಲ್ಲ. ತಲೆ ಕೆಟ್ಟು ಮೊಸರಾಯಿತು.

ನನಗೆ ಹಲ್ಲು ಹೋಗುವ ಹೆದರಿಕೆ ಸುಮ್ಮನೆ ಬಂದಿದ್ದಲ್ಲ. ಅಪ್ಪ ಬೀದರಿನಲ್ಲಿ ಇದೇ ವ್ಯಾಪಾರ ಮಾಡಿದವರು. ದವಡೆ ಹಲ್ಲು ಒಂದೊಂದಾಗಿ ಹೋದ ಮೇಲೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಕಡೆಕಡೆಗೆ ಕಾಳನ್ನು ನನ್ನ ಕೈಗೆ ಕೊಟ್ಟು, "ನೀನೇ ಕಚ್ಚಿ ಹೇಳಪ್ಪಾ" ಎನ್ನುತ್ತಿದ್ದರು.

ಮರುದಿನ ವೈಜಾಪುರದಲ್ಲಿ ಗಟ್ಟಿ ಮನಸ್ಸು ಮಾಡಿ ಮೀಟರನ್ನೇ ತೆಗೆದೆ. ಮಾಲು ತಂದ ರೈತ ನಮಗೆ ಹಳಬ. ಮೀಟರ್ ನೋಡಿದ, ನನ್ನ ಬಾಯಿ ನೋಡಿದ, ಮುಖ ಸಣ್ಣದು ಮಾಡಿಕೊಂಡ.

ಶೇಠ್, ಇವತ್ತು ಕಾಳು ಬಾಯಿಗೇ ಹಾಕಲಿಲ್ಲ, ನನ್ನ ಮಾಲಿನ ಮೇಲೆ ನಂಬಿಕೆ ಹೋಯಿತೇ ಎಂದು ಮರಾಠಿಯಲ್ಲಿ ಕೇಳಿದ.

ಅವನಿಗೆ ಸೀಲಂಟ್ ಕಥೆ ಹೇಗೆ ಹೇಳಲಿ?

ಮನಸ್ಸು ತಡೆಯಲಿಲ್ಲ. ಒಂದು ಕಾಳು ತೆಗೆದು ಎಡಗಡೆ ಹಲ್ಲಿಗೆ ಇಟ್ಟು ಕಚ್ಚಿದೆ. ಕಟ್ ಎಂದಿತು. ಅವನು ನಕ್ಕ.

ನಾನು ಮಾತ್ರ ಒಡೆದದ್ದು ಕಾಳೋ ಹಲ್ಲೋ ಎಂದು ಬಾಯೊಳಗೆ ನಾಲಿಗೆ ಆಡಿಸಿ ನೋಡಿಕೊಳ್ಳುತ್ತಿದ್ದೇನೆ...

ನಿಮ್ಮಲ್ಲಿ ಯಾರಾದರೂ ದೊಡ್ಡವರಾದ ಮೇಲೆ ಸೀಲಂಟ್ ಹಾಕಿಸಿಕೊಂಡಿದ್ದೀರಾ, ಅದಕ್ಕಾಗಿ ಏನು ಬಿಡಬೇಕಾಯಿತು ಹೇಳಿ?