ಸರ್ವಿಸ್ ಇದ್ದಂಗೇ ಹೋದ ಅಪ್ಪ

ಅಪ್ಪನ ಎರಡೂ ಪಾದಗಳ ಒಳಬದಿ ಎಮ್ಮೆಯ ಕೊಂಬಿನಂತೆ ಗಟ್ಟಿಯಾಗಿ, ಕಪ್ಪಗೆ ಹೊಳೆಯುತ್ತಿತ್ತು. ಕರೆಂಟು ಕಂಬಗಳನ್ನು ತಬ್ಬಿ ಹತ್ತಿ ಇಳಿದು ಆದ ಗುರುತು ಅದು. ಸಂಜೆ ಜಗಲಿಯ ಮೇಲೆ ಕಾಲು ಚಾಚಿ ಹರಳೆಣ್ಣೆ ತಿಕ್ಕಿಕೊಳ್ಳುವಾಗ ಮಗಳಾದ ನನ್ನನ್ನು ಕರೆದು, "ಉಗುರಲ್ಲಿ ಗೀರು ಮಗ, ನಂಗೆ ಗೊತ್ತಾಯ್ತದಾ ನೋಡವ" ಎನ್ನುತ್ತಿದ್ದ. ಎಷ್ಟು ಗೀರಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದೇ ಅವನಿಗೊಂದು ಹೆಮ್ಮೆ.

ಮಳವಳ್ಳಿ ಸುತ್ತಿನ ನಾಲ್ಕಾರು ಹಳ್ಳಿಗಳಿಗೆ ಅಪ್ಪ ಲೈನ್‌ಮನ್. ಗದ್ದೆಗೆ ನೀರು ಹಾಯಿಸುವ ಹೊತ್ತಿಗೆ ಕರೆಂಟು ಹೋದರೆ ಜನ ಅವನಿಗೇ ಬೈಯುತ್ತಿದ್ದರು. ಅವ್ವ ಸಿಡಿಮಿಡಿಗೊಂಡರೆ, "ಬೈಯ್ಲಿ ಬುಡು. ಸೊಸೇರು ಅತ್ತೇನೂ ಬೈಯ್ತಾರೆ, ಮನೆ ಬುಟ್ಟೋದಾರಾ?" ಎಂದು ನಗುತ್ತಿದ್ದ.

ನಾನು ಡಿಗ್ರಿ ಮುಗಿಸಿ ಸರ್ಕಾರಿ ಕೆಲಸದ ಪರೀಕ್ಷೆಗಳನ್ನು ಬರೆಯತೊಡಗಿದೆ. ಪ್ರತಿ ಪರೀಕ್ಷೆಗೂ ಅಪ್ಪ ರಜಾ ಹಾಕಿ, ತನ್ನ ಹಳೇ ಟಿವಿಎಸ್‌ನಲ್ಲಿ ನನ್ನನ್ನು ಮಂಡ್ಯಕ್ಕೆ ಕರೆದೊಯ್ಯುತ್ತಿದ್ದ. ನಾನು ಒಳಗೆ ಬರೆಯುವಾಗ ಕಾಂಪೌಂಡಿನ ಆಚೆ ಹೊಂಗೆಮರದ ಕೆಳಗೆ ಕೂತಿರುತ್ತಿದ್ದ. ಬೇರೆ ಅಪ್ಪಂದಿರು ಮೊಬೈಲು ನೋಡುತ್ತಿದ್ದರೆ ಇವನು ಅವರನ್ನೆಲ್ಲ ಮಾತಿಗೆಳೆದು, ನಾನು ಹೊರಬರುವಷ್ಟರಲ್ಲಿ ನೆಂಟರನ್ನಾಗಿ ಮಾಡಿಕೊಂಡಿರುತ್ತಿದ್ದ. "ಇವ್ರು ಕೆರಗೋಡಿನವ್ರು ಕಣ್ ಮಗ. ಇವ್ರ ಮಗ್ಳೂ ನಿನ್ನಂಗೇಯ, ಬರೀತಾನೇ ಅವ್ಳಂತೆ" ಎಂದು ಪರಿಚಯಿಸುವನು. ನನಗೆ ನೆಲ ಬಿರಿದು ಬಾಯ್ಬಿಡಬಾರದೇ ಅನ್ನಿಸುತ್ತಿತ್ತು. ಆದರೆ ಹೇಗೆ ಬರೆದೆ ಎಂದು ಅವನು ಒಮ್ಮೆಯೂ ಕೇಳಿದವನಲ್ಲ.

ಸುತ್ತುದಾರಿಯಾದರೂ ವಾಪಸು ಬರುವಾಗ ಮದ್ದೂರಿನ ಮೇಲೇ ಬರುತ್ತಿದ್ದೆವು, ದೋಸೆ ತಿನ್ನಲು. ಒಂದು ಸಲ ತೀರಾ ಕೆಟ್ಟದಾಗಿ ಬರೆದು ಬಂದಿದ್ದೆ. ತಟ್ಟೆ ಮುಟ್ಟದೆ, "ಇನ್ನ ನಾನ್ ಬರೆಯಕಿಲ್ಲ ಕಣಪ್ಪ. ನಿನ್ ರಜಾ ಎಲ್ಲಾ ನಂಗೇ ಓಯ್ತು" ಅಂದೆ.

ಅಪ್ಪ ದೋಸೆ ಮುರಿಯುತ್ತಾ, "ನಾನೇನ್ ಬಸುರಿನಾ ಬಾಣಂತಿನಾ, ರಜಾ ಕೂಡಿಡಕೆ? ಬರಿ. ನೀನ್ ಒಳೀಕ್ ಓದ್ರೆ ನಂಗೂ ಮಂಡ್ಯ ನೋಡ್ದಂಗಾಯ್ತದೆ" ಅಂದ. ಪಕ್ಕದ ಟೇಬಲ್ಲಿನವರು ನಕ್ಕರು. ನನಗೂ ನಗು ಬಂದು, ದೋಸೆ ತಿಂದೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅಪ್ಪ ಡ್ಯೂಟಿಗೆ ಹೊರಟು ನಿಂತವನು ಗೋಡೆಗೆ ಒರಗಿದ. "ಎದೆ ಯಾಕೋ ಇಡ್ಕಂಡಂಗಾಯ್ತದೆ ಕಣೆ" ಎಂದು ಅವ್ವನಿಗೆ ಹೇಳಿದ. ಪಕ್ಕದ ಮನೆಯವರ ಕಾರಿನಲ್ಲಿ ಮಳವಳ್ಳಿ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲೇ ನನ್ನ ತೊಡೆಯ ಮೇಲಿದ್ದ ಅವನ ತಲೆ ಭಾರವಾಯಿತು. ಕಂಬದ ಮೇಲೆ ಏನಾದರೂ ಆದೀತೆಂದು ವರ್ಷಗಟ್ಟಲೆ ಹೆದರಿದ್ದ ನಮಗೆ ನೆಲದ ಮೇಲೆ ಹೀಗಾದೀತೆಂಬ ಯೋಚನೆಯೇ ಇರಲಿಲ್ಲ.

ಅಪ್ಪನನ್ನು ಮನೆಗೆ ತಂದು ಜಗಲಿಯ ಮೇಲೆ ಮಲಗಿಸಿದ್ದರು. ನಾನು ಅವನ ಪಕ್ಕದಲ್ಲಿ ಕೂತು ಗೋಳಾಡುತ್ತಿದ್ದೆ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಅತ್ತು ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಾ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಮೆಲ್ಲಗೆ ಹೇಳಿದ: "ಅಳ್ಬ್ಯಾಡ ಕಣವ್ವ. ಅಣ್ಣ ಸರ್ವಿಸ್ ಇದ್ದಂಗೇ ಓಗವ್ನೆ. ಅನುಕಂಪದ ಕೆಲ್ಸ ನಿಂಗೇ ಆಯ್ತದೆ. ದಾರಿ ಮಾಡ್ಕೊಟ್ಟು ಓದ ಅನ್ಕೊ."

ನೌಕರಿಯಲ್ಲಿರುವಾಗಲೇ ತೀರಿಕೊಂಡವರ ಮನೆಯ ಒಬ್ಬರಿಗೆ ಸರ್ಕಾರ ಕೆಲಸ ಕೊಡುತ್ತದೆಂದು ನನಗೂ ಗೊತ್ತಿತ್ತು. ಆದರೆ ಆವರೆಗೆ ಅದು ತಲೆಗೆ ಬಂದಿರಲಿಲ್ಲ. ಚಿಕ್ಕಪ್ಪನ ಮಾತು ಕಿವಿಗೆ ಬಿದ್ದದ್ದೇ ನನ್ನ ಅಳು ನಿಂತುಹೋಯಿತು. ಇನ್ನು ಪರೀಕ್ಷೆ ಬರೆಯಬೇಕಾಗಿಲ್ಲ. ಬಿಸಿಲಲ್ಲಿ ಬಂದವಳಿಗೆ ತಣ್ಣೀರು ಸಿಕ್ಕಂತೆ ಒಳಗೆಲ್ಲ ಹಾಯೆನಿಸಿತು. ಎದುರಿಗೇ ಅಪ್ಪನ ಮುಖ, ಮೂಗಿಗೆ ಹತ್ತಿ ಇಟ್ಟಿದ್ದರು. ಮರುಗಳಿಗೆ ನಾಚಿಕೆಯಿಂದ ಮೈಯೆಲ್ಲ ಬೆವರಿತು. ಮತ್ತೆ ಅಳಲು ನೋಡಿದೆ, ಬರಲಿಲ್ಲ. ಹಿಂದೆ ಕೂತಿದ್ದ ಹೆಂಗಸೊಬ್ಬಳು, "ಮಗ್ಳು ಗಟ್ಟಿಗಿತ್ತಿ ಕಣಮ್ಮ. ಅವ್ವುಂಗೆ ಧೈರ್ಯ ಏಳ್ಬೇಕು ಅಂತ ಅಳು ನುಂಗ್ಕಂಡ್ಳು" ಎನ್ನುತ್ತಿದ್ದಳು. ನಾನು ತಲೆ ಎತ್ತಲಿಲ್ಲ.

ಕೆಲಸ ಆಯಿತು. ಮದ್ದೂರಿನ ಕರೆಂಟು ಆಫೀಸಿನಲ್ಲಿ ಮೇಜು, ಕುರ್ಚಿ, ಮೇಲೊಂದು ಫ್ಯಾನು. ಅಪ್ಪನ ಜೊತೆ ಕೆಲಸ ಮಾಡಿದ ಹಿರಿಯ ಲೈನ್‌ಮನ್ನೊಬ್ಬರು ಮೊದಲ ದಿನ ನನ್ನ ಮುಂದೆ ಟೀ ತಂದಿಟ್ಟು, "ನಿಮ್ಮಪ್ಪ ಇದ್ದಿದ್ರೆ ಎಷ್ಟ್ ಕುಸಿ ಪಡೋನವ್ವ!" ಎಂದು ಕಣ್ಣು ತುಂಬಿಕೊಂಡರು. ಅವನು ಇದ್ದಿದ್ದರೆ ನಾನು ಆ ಕುರ್ಚಿಯಲ್ಲಿ ಇರುತ್ತಲೇ ಇರಲಿಲ್ಲ. ಟೀ ಕುಡಿಯಲಾಗದೆ ಹಾಗೇ ಹಿಡಿದುಕೊಂಡು ಕೂತೆ.

ಅವರೆಕಾಯಿ ಕಾಲದಲ್ಲಿ, ಒಂದು ಭಾನುವಾರ ಸಂಜೆ ಅವ್ವನೂ ನಾನೂ ಹಿತ್ತಿಲಲ್ಲಿ ಕಾಯಿ ಸುಲಿಯುತ್ತಿದ್ದೆವು. ಇನ್ನು ತಡೆಯಲಾರದೆ, "ಅವತ್ತು ಅಪ್ಪುನ್ ಮುಂದೆ ಕೂತ್ಕಂಡು ನಂಗೆ ನೆಮ್ಮದಿ ಆಗೋಯ್ತು ಕಣವ್ವ, ಕೆಲ್ಸ ಸಿಕ್ತದಲ್ಲ ಅಂತ" ಎಂದುಬಿಟ್ಟೆ. ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಅವ್ವ ಇನ್ನೆರಡು ಕಾಯಿ ಸುಲಿದಳು.

"ನಿಮ್ ಚಿಕ್ಕಪ್ಪ ಏಳಿದ್ದು ನಂಗೂ ಕೇಳುಸ್ತು" ಅಂದಳು. "ನಾನೇನ್ ದೂರ ಕೂತಿದ್ನಾ? ಸದ್ಯ, ಮಗೀಗೊಂದು ದಾರಿ ಆಯ್ತಲ್ಲ ಅನ್ನುಸ್ಬುಡ್ತು ಕಣೆ. ಕುಂಕುಮ ಇನ್ನೂ ಅಣೆ ಮ್ಯಾಲೇ ಇತ್ತು. ಕೊನೇ ಸಲ ಮೊಕ ನೋಡ್ಕೊ ಬಾ ಅಂತ ಎಲ್ರೂ ಕರುದ್ರಲ್ಲ, ಆಗ ಕಣ್ ಮುಚ್ಕಂಡು ನಿಂತಿದ್ದೆ. ನಿಮ್ಮಪ್ಪುನ್ ಮೊಕ ನಾನ್ ನೋಡ್ಲೇ ಇಲ್ಲ."

ಅವಳ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಜಗಲಿಯ ಮೇಲೆ ನಿಂತುಹೋಗಿದ್ದ ಅಳು ನನಗೆ ಆಗ ಬಂತು. ಇಬ್ಬರೂ ಸಿಪ್ಪೆಯ ರಾಶಿಯ ಮುಂದೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಹೊತ್ತು ಮುಳುಗುವವರೆಗೂ ಅತ್ತೆವು.